ಸೇತುವೆ ಸದ್ದು ಮಾಡದ ಸಂಜೆ

ಯಾರಾದರೂ ದೆವ್ವ, ಪವಾಡ ಅಂತ ಶುರು ಮಾಡಿದರೆ ಚಹಾದ ಕಪ್ಪು ಹಿಡಿದು ಎದ್ದು ಬೇರೆ ಕಡೆ ಕೂರುತ್ತಿದ್ದವನು ನಾನು. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೂ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮೂರಿಗೂ ನವಲಗುಂದಕ್ಕೂ ನಡುವಿನ ಹಳ್ಳಕ್ಕೆ ಆ ಸಲ ಎಂಥ ಪೂರ ಬಂತೆಂದರೆ, ಹೆದ್ದಾರಿಯ ಹಳೇ ಕಲ್ಲಿನ ಸೇತುವೆಯೇ ಕೊಚ್ಚಿಹೋಯಿತು. ನಟ್ಟನಡುವೆ ಒಂದು ಕಂಬ ಮಾತ್ರ ಒಂಟಿಯಾಗಿ ನಿಂತಿತು. ಆಮೇಲೆ ಲಾರಿಗಳಲ್ಲಿ ಕಬ್ಬಿಣದ ಸೇತುವೆ ಬಿಡಿಬಿಡಿಯಾಗಿ ಬಂತು. ಆಚೆ ದಂಡೆಯಲ್ಲಿ ಬೋಲ್ಟು ಹಾಕಿ ಜೋಡಿಸಿ, ಇಡಿಯಾಗಿ ಈಚೆಗೆ ತಳ್ಳುತ್ತಾರಂತೆ. ಊರ ಜನ ಶೇಂಗಾ ತಿನ್ನುತ್ತ ದಂಡೆಯ ಮೇಲೆ ಕೂತು ನೋಡಿದ್ದೇ ನೋಡಿದ್ದು. ಗುರುವಾರ ಸಂಜೆಗೆ ಗಾಡಿ ಬಿಡುತ್ತೇವೆ ಎಂದು ಅಲ್ಲಿಯ ಇಂಜಿನಿಯರು ಕೂಗಿ ಹೇಳಿದ್ದರು.

ಅದೇ ಗುರುವಾರ ಸಂಜೆ, ಹೆರಿಗೆಗೆ ಬಂದಿದ್ದ ನನ್ನ ತಂಗಿ ನೀಲಾಗೆ ದಿನ ತುಂಬುವ ಮೊದಲೇ ನೋವು ಎದ್ದಿತು. ಕೂಸು ಅಡ್ಡ ಇದೆ, ನೋವು ಬಂದರೆ ತಡ ಮಾಡಬೇಡಿ ಎಂದು ಡಾಕ್ಟರು ಎಚ್ಚರಿಸಿದ್ದರು. ಸುತ್ತುದಾರಿ ನೀರೊಳಗಿತ್ತು. ಹೇಗೂ ಹೊಸ ಸೇತುವೆ ಆಗಿರುತ್ತದೆಂದು ನೀಲಾಳನ್ನೂ ದೊಡ್ಡವ್ವನನ್ನೂ ನನ್ನ ವ್ಯಾನಿನಲ್ಲಿ ಕೂಡಿಸಿಕೊಂಡು ನವಲಗುಂದದ ಆಸ್ಪತ್ರೆಗೆ ಹೊರಟೆ. ಮಳೆ ಎಂಥದ್ದೆಂದರೆ ಗಾಡಿಯ ದೀಪ ನಾಲ್ಕು ಮಾರು ಮುಂದೆ ಹೋಗುತ್ತಿರಲಿಲ್ಲ. ಕೆಳಗೆ ಹಳ್ಳದ ಮೊರೆತ ಕೇಳಿದಾಗಲೇ ಸೇತುವೆ ಹತ್ತಿದ್ದೇವೆಂದು ತಿಳಿದದ್ದು. ಅರ್ಧ ದಾಟಿರಬೇಕು, ದೊಡ್ಡವ್ವ ನಿಲ್ಲಿಸು ಎಂದಳು. ಬಸುರಿಯನ್ನು ಹಳ್ಳ ದಾಟಿಸುವಾಗ ನಡುವೆ ಇಳಿದು ಗಂಗವ್ವನಿಗೆ ಉಡಿ ಇಡುವುದು ನಮ್ಮಲ್ಲಿ ರೂಢಿ.

“ಈಗ ಅದೆಲ್ಲಾ ಬ್ಯಾಡ ಬೇ, ದೊಡ್ಡವ್ವ.”

“ಉಡಿ ಇಡದ ಬಸರಿನ್ನ ದಾಟಸ್ತಿ ಏನೋ? ನಿಲ್ಸ.”

ನಿಲ್ಲಿಸಿದೆ. ಅವಳು ಬಾಗಿಲು ತೆಗೆದು ಇಳಿದಳು. ಅಕ್ಕಿ, ಕೊಬ್ಬರಿ ಕಟ್ಟಿದ ಹಸಿರು ಖಣವನ್ನು ಇಟ್ಟು, ಗಾಳಿಗೆ ಹಾರದಂತೆ ಮೇಲೊಂದು ಕಲ್ಲು ಹೇರಿ ಬಂದಳು. ನಾನು ಗೊಣಗುತ್ತಲೇ ಗಾಡಿ ಬಿಟ್ಟೆ. ಆಪರೇಷನ್ ಆಯಿತು. ಹೆಣ್ಣುಕೂಸು. ತಾಯಿ, ಮಗಳು ಇಬ್ಬರೂ ಉಳಿದರು.

ಮರುದಿನ ಬಟ್ಟೆಬರೆ ತರಲೆಂದು ಊರಿಗೆ ಹೊರಟೆ. ಹಳ್ಳದ ಹತ್ತಿರ ಬಂದವನು ಗಕ್ಕನೆ ಬ್ರೇಕು ಒತ್ತಿದೆ. ಕಬ್ಬಿಣದ ಸೇತುವೆ ನವಲಗುಂದದ ಕಡೆಯ ದಂಡೆಯ ಮೇಲೇ ಇತ್ತು. ಮುಂದೆ ಬರೀ ಕೆಂಪು ನೀರು. ತಾಡಪತ್ರಿ ಹೊದ್ದು ಕೂತಿದ್ದ ಕಾವಲುಗಾರನನ್ನು ಕೇಳಿದೆ.

“ನಿನ್ನೆ ಮುಂಜಾನಿಂದ ಕೆಲಸ ನಿಂತೈತ್ರಿ. ಇಂಥಾ ಮಳ್ಯಾಗ ತಳ್ಳಾಕ ಬರೂದಿಲ್ರಿ.”

ನಿನ್ನೆ ಸಂಜೆ ಇದರ ಮೇಲೇ ಬಂದೆವೆಂದು ಹೇಳಿದೆ. ಅವನು ನನ್ನನ್ನೂ ವ್ಯಾನನ್ನೂ ಒಮ್ಮೆ ನೋಡಿದ.

“ಗಾಡಿಗೆ ರೆಕ್ಕಿ ಅದಾವೇನ್ರಿ, ಸಾಹೇಬ್ರ?”

ನಾನು ಹಳ್ಳದ ಕಡೆ ತಿರುಗಿದೆ. ನಡುನೀರಿನ ಆ ಒಂಟಿ ಕಂಬದ ತಲೆಯ ಮೇಲೆ ಹಸಿರು ಖಣದ ಗಂಟು ಇತ್ತು. ಅದರ ಮೇಲೊಂದು ಕಲ್ಲು. ಅವನಿಗೂ ಕಂಡಿತು, ತೇಲಿಬಂದು ಸಿಕ್ಕಿಕೊಂಡಿರಬೇಕೆಂದ. ಗಂಟು ತೇಲಬಹುದು. ಕಲ್ಲು?

ಕೆಸರಲ್ಲೇ ಕೂತುಬಿಟ್ಟೆ. ಗಾಡಿ ದಾಟಿದ್ದಕ್ಕಲ್ಲ. ಆ ಕತ್ತಲಲ್ಲಿ ದೊಡ್ಡವ್ವ ಬಾಗಿಲು ತೆಗೆದು ಕಾಲು ಕೆಳಗಿಟ್ಟಳಲ್ಲ, ಅದು ಕಣ್ಣಮುಂದೆ ಬಂತು.

ಆಸ್ಪತ್ರೆಗೆ ತಿರುಗಿ ಹೋಗಿ ಅವಳನ್ನು ಕೇಳಿದೆ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದವಳು ತಲೆ ಎತ್ತಲಿಲ್ಲ.

“ಸೇತುವಿ ಮ್ಯಾಲ ಎಂದಿನ ಕಲ್ಲಿನ ಕಟ್ಟಿ ಇತ್ತು, ಇಟ್ಟೆ. ನಿನಗ ಕಾಣ್ಲಿಲ್ಲೇನ?”

ಮುಂದಿನ ವಾರ ಕಬ್ಬಿಣದ ಸೇತುವೆ ಕೂತಿತು. ಮೊದಲ ಸಲ ಗಾಡಿ ಹತ್ತಿಸಿದಾಗ ಕಬ್ಬಿಣದ ಹಾಸು ಕಿವಿ ಒಡೆಯುವಂತೆ ಧಡಧಡ ಎಂದಿತು. ಆ ಸಂಜೆ ಇಂಥ ಸದ್ದೇ ಇರಲಿಲ್ಲ ಎಂಬುದು ಆಗ ಹೊಳೆಯಿತು.

ಇವತ್ತಿಗೂ ಅಲ್ಲಿ ಗಾಡಿ ಹತ್ತಿಸುವಾಗ, ಆ ಸದ್ದು ಕೇಳುವತನಕ ಉಸಿರು ಬಿಗಿ ಹಿಡಿದಿರುತ್ತೇನೆ.