ಕೊಯ್ದ ಪಿನ್ನಿನ ಕಂಪ್ಯೂಟರ್

ಆಯುಧಪೂಜೆಯ ಹಿಂದಿನ ದಿನ ನನ್ನ ತಂಗಿ ಎಂದಿನ ಬಸ್ಸಿಗೇ ಬಣಕಲ್ಲಿನ ಮನೆಗೆ ಬಂದಳು. ಚಪ್ಪಲಿಯನ್ನು ಬಾಗಿಲ ಹೊರಗೆ ಒಂದು ಅತ್ತ, ಒಂದು ಇತ್ತ ಬಿಟ್ಟು ಒಳಗೆ ಬಂದು, ಕುತ್ತಿಗೆ ನೋವು ಎಂದು ಗೋಡೆಗೆ ಒರಗಿದಳು. ನಾನು ಯಾರದೋ ರವಿಕೆಗೆ ಹುಕ್ಕು ಹೊಲಿಯುತ್ತಿದ್ದೆ. ಹೊಲಿಗೆ ನನ್ನ ಕೆಲಸ. ಅವಳು ಜಾವಳಿ ಕಡೆಯ ಒಂದು ಕಾಫಿ ಎಸ್ಟೇಟಿನ ಆಫೀಸಿನಲ್ಲಿದ್ದಳು. ಆಳುಗಳ ಹಾಜರಿ, ಕೊಯ್ದ ಹಣ್ಣಿನ ತೂಕ, ಗೊಬ್ಬರದ ಲೆಕ್ಕ ಎಲ್ಲವನ್ನೂ ಕಂಪ್ಯೂಟರಿಗೆ ಹಾಕುವುದು ಅವಳ ಪಾಲಿನದು. ಹಿಂದೆ ಇದನ್ನು ಕೈಯಲ್ಲಿ ಬರೆಯುತ್ತಿದ್ದವರನ್ನು ರೈಟರ್ ಎನ್ನುತ್ತಿದ್ದರು. ಅವಳನ್ನೂ ಹಾಗೇ ಕರೆಯುತ್ತಿದ್ದರು.

"ಇವತ್ತೂ ಕಚ್ತು ಅಕ್ಕ," ಎಂದಳು.

"ಯಾವ್ದು?"

"ಇನ್ಯಾವ್ದು, ನಮ್ಮ ಆಫೀಸಿನ ನಾಯಿ. ಪೆನ್‌ಡ್ರೈವ್ ಹಾಕಣ ಅಂತ ಡಬ್ಬಿ ಮುಟ್ಟಿದ್ರೆ ಜುಂ ಅಂತು."

"ಸಾವ್ಕಾರ್ರಿಗೆ ಹೇಳಿದ್ಯಾ?"

"ಹೇಳ್ದೆ ಬಿಡ್ತೀನಾ? ಚಪ್ಪಲಿ ಹಾಕ್ಕಂಡು ಕೂತ್ಕ, ಏನೂ ಆಗಲ್ಲ ಅಂದ್ರು. ಚಪ್ಪಲಿ ಹಾಕ್ಕಂಡು ಒಳಗೆ ಹೋದ್ರೆ ಅವ್ರ ಅಮ್ಮ ಬೈತಾರೆ, ದೇವ್ರ ಫೋಟೋ ಇದೆ ಅಂತ. ಇಬ್ರೂ ಒಂದೇ ಮನೇಲಿರೋದು ಮಾರಾಯ್ತಿ, ಒಂದ್ಸಲ ಕೂತು ಮಾತಾಡ್ಕಬಾರ್ದಾ?"

ನಾನು ನಕ್ಕೆ. ಅಡುಗೆಮನೆಯಿಂದ ಅಮ್ಮ, "ಅದೇನು ನಗೋ ವಿಷ್ಯನಾ?" ಎಂದು ಗದರಿದಳು. ಅನ್ನ, ಕೆಸುವಿನ ಸೊಪ್ಪಿನ ಸಾರು ಉಂಡೆವು. ಮರುದಿನದ ಪೂಜೆಗೆ ಹಸಿರು ಸೀರೆ ಉಡುವುದೋ ಹಳದಿಯದೋ ಎಂದು ಅವಳು ಕೇಳಿದಳು. ಹಸಿರು ಎಂದೆ. ಅಷ್ಟೇ.

ಆ ಕಂಪ್ಯೂಟರನ್ನು ಯಾರೂ ಆರಿಸಿ ತಂದದ್ದಲ್ಲ. ಸಾಹುಕಾರರ ನೆಂಟರೊಬ್ಬರ ಅಂಗಡಿಯಲ್ಲಿ ಬೇಡವಾಗಿ ಮೂಲೆ ಸೇರಿದ್ದು ಎಸ್ಟೇಟಿಗೆ ಬಂತು. ಔಷಧಿ ಹೊಡೆಯುವ ಯಂತ್ರ ಕೊಳ್ಳುವಾಗ ಅದೇ ಸಾಹುಕಾರರು ಅಂಗಡಿ ಅಂಗಡಿ ಸುತ್ತಿದ್ದರು. ತೋಟದಲ್ಲಿ ಓಡಿಸಿ ನೋಡಿ, ಶಬ್ದ ಸರಿಯಿಲ್ಲವೆಂದು ಒಂದನ್ನು ವಾಪಸ್ಸೂ ಕಳಿಸಿದ್ದರು. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿಗೆ ಕೊಯಿಲು ಶುರುವಾಗುವ ಮೊದಲು ಮೆಕ್ಯಾನಿಕ್ ಬರಲೇಬೇಕು. ಒಬ್ಬ ಹೆಣ್ಣುಮಗಳು ದಿನವಿಡೀ ಎದುರು ಕೂರುವ ಯಂತ್ರವನ್ನು ಮಾತ್ರ ಯಾರೂ ತಿರುಗಿಸಿ ನೋಡಲಿಲ್ಲ. ಜಗಲಿಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಅವಳಿಗೆ ಕೊಟ್ಟರು. ಸ್ಕ್ರೀನು ತಗ್ಗಾಗಿ ಕುತ್ತಿಗೆ ಹಿಡಿಯುತ್ತದೆ ಎಂದಾಗ, ಅದರ ಕೆಳಗೆ ಔಷಧಿಯ ಖಾಲಿ ಪೆಟ್ಟಿಗೆ ಇಟ್ಟುಕೋ ಎಂದರು. ಹಿಂದಿನ ಕಿಟಕಿಯ ಬೆಳಕು ಸ್ಕ್ರೀನಿಗೆ ಹೊಡೆಯುತ್ತಿತ್ತು. ಅದಕ್ಕೆ ಅವಳೇ ಗೋಣಿಚೀಲ ಕಟ್ಟಿಕೊಂಡಳು.

ಪ್ಲಗ್ಗಿನದು ಬೇರೆಯೇ ಕತೆ. ಅದಕ್ಕೆ ಮೂರು ಪಿನ್ನಿತ್ತು. ಇನ್ವರ್ಟರಿನಿಂದ ಎಳೆದ ಬೋರ್ಡಿನಲ್ಲಿ ಎರಡೇ ತೂತು. ಬೋರ್ಡು ಬದಲಿಸುವ ಬದಲು ಪ್ಲಗ್ಗನ್ನೇ ಬದಲಿಸಿದರು. ಆಳುಗಳನ್ನು ನೋಡಿಕೊಳ್ಳುವ ಮೇಸ್ತ್ರಿಯನ್ನು ಕರೆದು, ಮೇಲಿನ ದಪ್ಪ ಪಿನ್ನನ್ನು ಗರಗಸದ ಬ್ಲೇಡಿನಿಂದ ಕೊಯ್ಯಿಸಿದರು. ಪ್ಲಗ್ಗು ಕೂತಿತು, ಸ್ಕ್ರೀನು ಹತ್ತಿತು, ಎಲ್ಲರಿಗೂ ಖುಷಿಯಾಯಿತು.

ಆ ದಪ್ಪ ಪಿನ್ನು ಯಾಕಿರುತ್ತದೆ ಎಂಬುದು ಈಗ ನನಗೆ ಗೊತ್ತು. ಒಳಗಿನ ವೈರು ಸವೆದು, ಇಲ್ಲವೇ ಇಲಿ ಕಡಿದು ತಗಡಿಗೆ ತಾಗಿದರೆ ಇಡೀ ಪೆಟ್ಟಿಗೆಗೆ ಕರೆಂಟು ಬರುತ್ತದೆ. ಆ ಪಿನ್ನು ಅದನ್ನು ನೆಲಕ್ಕೆ ಇಳಿಸುತ್ತದೆ, ಫ್ಯೂಸು ಹೋಗುತ್ತದೆ. ಪಿನ್ನಿಲ್ಲದಿದ್ದರೆ ಕರೆಂಟು ತಗಡಿನಲ್ಲೇ ನಿಂತಿರುತ್ತದೆ, ಯಾರಾದರೂ ಬರಿಗಾಲಲ್ಲಿ ಬಂದು ಮುಟ್ಟುವ ತನಕ.

ಆಯುಧಪೂಜೆಯ ದಿನ ಎಸ್ಟೇಟಿನಲ್ಲಿ ಜೀಪು, ಟ್ರ್ಯಾಕ್ಟರು, ಪಲ್ಪರು, ತಕ್ಕಡಿ, ಕತ್ತಿ ಎಲ್ಲವನ್ನೂ ತೊಳೆದು ಕುಂಕುಮ ಇಡುತ್ತಾರೆ. ಮಂಗಳಾರತಿಯ ಹೊತ್ತಿಗೆ ಜೀಪು ಸ್ಟಾರ್ಟ್ ಮಾಡಿರಬೇಕು, ಪಲ್ಪರನ್ನು ಒಂದು ಸುತ್ತು ತಿರುಗಿಸಬೇಕು. ನಿಂತ ಯಂತ್ರಕ್ಕೆ ಪೂಜೆ ಮಾಡುವುದು ಸಾಹುಕಾರರ ತಾಯಿಗೆ ಆಗದು. ಕಂಪ್ಯೂಟರಿಗೂ ಅದೇ ನಿಯಮ. ಹಾಗಾಗಿ ಅದು ಆನ್ ಆಗಿತ್ತು. ಆಫೀಸಿನ ಸಿಮೆಂಟು ನೆಲವನ್ನು ಆಗಷ್ಟೇ ತೊಳೆದಿದ್ದರು. ಚಪ್ಪಲಿಗಳೆಲ್ಲ ಹೊರಗಿದ್ದವು. ಆನ್ ಮಾಡುವ ಮೊದಲೇ ತಂಗಿ ಒದ್ದೆ ಬಟ್ಟೆಯಲ್ಲಿ ಪೆಟ್ಟಿಗೆ ಒರೆಸಿದ್ದಳು. ಆಮೇಲೆ ಬಗ್ಗಿ, ಅದರ ಪಕ್ಕಕ್ಕೆ ಕುಂಕುಮ ಹಚ್ಚತೊಡಗಿದಳು. ಬಗ್ಗಿದವಳು ಏಳಲಿಲ್ಲ.

ಮೇಸ್ತ್ರಿ ನನಗೆ ಹೇಳಿದ ಮಾತು ಇದು: "ನಮಸ್ಕಾರ ಮಾಡ್ತಾ ಇದಾರೆ ಅನ್ಕಂಡ್ವಿ ಅಮ್ಮ. ಸಾವ್ಕಾರ್ರ ಅಮ್ಮನೂ ಆರತಿ ಹಿಡ್ಕಂಡು ನಿಂತಿದ್ರು, ಮುಗೀಲಿ ಅಂತ."

ಅವಳ ನಮಸ್ಕಾರ ಮುಗಿಯಲಿ ಎಂದು ಅವರೆಲ್ಲ ಕೈಮುಗಿದು ಕಾಯುತ್ತಾ ನಿಂತಿದ್ದರು. ಇದನ್ನು ನಾನು ಯಾರಿಗೆ ಹೇಳಿದರೂ ಅವರು ಮುಖ ಬೇರೆ ಕಡೆ ತಿರುಗಿಸುತ್ತಾರೆ. ತಿರುಗಿಸಿಕೊಳ್ಳಲಿ.

ಮೂಡಿಗೆರೆಗೆ ಒಯ್ಯುವಷ್ಟರಲ್ಲಿ ಅವಳು ಹೋಗಿಯಾಗಿತ್ತು. ವಿಚಾರಿಸಲು ಬಂದ ಪೊಲೀಸರು ಆಕಸ್ಮಿಕ ಎಂದು ಬರೆದುಕೊಂಡು ಹೋದರು. ಮನೆಗೆ ಬಂದವರೆಲ್ಲ ಒಂದೊಂದು ಮಾತು ತಂದರು. ಹಬ್ಬದ ದಿನ ಹೋದಳು, ಪುಣ್ಯವಂತೆ ಎಂದರು. ಹಣೆಬರಹ ಎಂದರು. ಸಾಹುಕಾರರು ಅಮ್ಮನ ಎದುರು ತಲೆ ತಗ್ಗಿಸಿ ಕೂತು, "ಮೊದ್ಲಿಂದಲೂ ಹಾರ್ಟ್ ವೀಕ್ ಇತ್ತೇನೋ ಅಮ್ಮ," ಎಂದರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಅವರಿಗೆ ಕಾಫಿ ಕೊಡಲಿಲ್ಲ. ನಮ್ಮ ಕಡೆ ಸಾವಿನ ಮನೆಯಲ್ಲೂ ಬಂದವರಿಗೆ ಕಾಫಿ ಕೊಡದೆ ಕಳಿಸುವುದಿಲ್ಲ. ಅವರನ್ನು ಕಳಿಸಿದೆ.

ತಿಥಿ ಮುಗಿದ ಮೇಲೆ ಅವರು ಮತ್ತೆ ಬಂದರು. ಕೊಯಿಲು ಹತ್ತಿರವಾಗಿತ್ತು. "ನೀನೂ ಪಿಯುಸಿ ಓದಿದೀಯ. ತಂಗಿ ಜಾಗಕ್ಕೆ ಬಾ. ನಾವೇನು ನಿಮ್ಮನ್ನ ಕೈ ಬಿಡಲ್ಲ."

ನಮ್ಮ ಮನೆ ನಡೆಯುತ್ತಿದ್ದುದು ಅವಳ ಸಂಬಳದಲ್ಲಿ. ಹೊಲಿಗೆ ಸಾಲದು. ಆದರೆ ನಾನು ಹೂಂ ಎಂದದ್ದಕ್ಕೆ ಇನ್ನೊಂದು ಕಾರಣವಿತ್ತು. ಆ ಪೆಟ್ಟಿಗೆಯನ್ನು ನಾನು ಕಣ್ಣಿಂದ ನೋಡಬೇಕಿತ್ತು. ನೋಡಿ, ಯಾರೂ ಮತ್ತೆ ಹಚ್ಚಲಾಗದ ಹಾಗೆ ಕಲ್ಲೆತ್ತಿ ಹಾಕಬೇಕಿತ್ತು.

ಹೋಗಿ ನೋಡಿದರೆ ಮೇಜು ಖಾಲಿ.

"ಹಳೇದೆಲ್ಲಿ ಸಾರ್?"

"ಕೊಟ್ಬಿಟ್ಟೆ."

"ಯಾರಿಗೆ?"

"ಕಳಸದ ಕಡೆ ಯಾರೋ ಕೇಳ್ತಿದ್ರು. ಕಣ್ಮುಂದೆ ಇರೋದು ಬೇಡ ಅಂತ ಕಳ್ಸಿದೆ. ನಿಂಗೂ ಅದೇ ಒಳ್ಳೇದಲ್ವಾ?"

"ರಿಪೇರಿ ಮಾಡ್ಸಿ ಕೊಟ್ರಾ?"

ಅವರು ನನ್ನ ಮುಖ ನೋಡಲಿಲ್ಲ. ಮೇಜಿನ ಧೂಳನ್ನು ಬೆರಳಿನಿಂದ ಒರೆಸುತ್ತಾ, "ಏನು ರಿಪೇರಿ? ಅದಕ್ಕೇನಾಗಿತ್ತು?" ಎಂದರು.

ನನಗೆ ಆಗ ಅರ್ಥವಾಯಿತು. ರಿಪೇರಿ ಮಾಡಿಸಿದರೆ ಅದು ಕೆಟ್ಟಿತ್ತು ಎಂದಾಗುತ್ತದೆ. ಕೆಟ್ಟಿತ್ತು ಎಂದರೆ ನನ್ನ ತಂಗಿಯ ಹೃದಯ ಚೆನ್ನಾಗಿತ್ತು ಎಂದಾಗುತ್ತದೆ. ಅದಕ್ಕೇ ಅದು ಸರಿಯಿರುವ ಕಂಪ್ಯೂಟರಾಗಿ, ಕೊಯ್ದ ಪಿನ್ನಿನ ಸಮೇತ, ಇನ್ನೊಬ್ಬರ ಮನೆಗೋ ಅಂಗಡಿಗೋ ಹೋಗಿತ್ತು.

"ಯಾರಿಗೆ ಅಂತ ಹೇಳಿ ಸಾರ್. ಫೋನ್ ಮಾಡಿ ಒಂದು ಮಾತು ಹೇಳ್ತೀನಿ, ಹಚ್ಬೇಡಿ ಅಂತ."

"ಇಲ್ಲದ್ದು ಊರೆಲ್ಲ ಹಬ್ಬಿಸ್ಬೇಡ. ಹೊಸದು ತಗೋ, ನಿಂಗೆ ಬೇಕಾದ್ದು ತಗೋ. ನಾನು ಬೇಡ ಅಂದ್ನಾ?"

ತಗೊಂಡೆ. ಮೇಸ್ತ್ರಿಯ ಜೊತೆ ಜೀಪಿನಲ್ಲಿ ಚಿಕ್ಕಮಗಳೂರಿಗೆ ಹೋದೆ. ಅಂಗಡಿಯವನು ಬಣ್ಣಬಣ್ಣದ ದೀಪ ಮಿನುಗುವ ಪೆಟ್ಟಿಗೆಯೊಂದನ್ನು ತೋರಿಸಿದ. ಪ್ಲಗ್ಗು ತೋರಿಸಪ್ಪ ಎಂದೆ.

"ಎಲ್ರೂ ಸ್ಕ್ರೀನ್ ನೋಡ್ತಾರೆ ಮೇಡಂ. ನೀವು ವೈರ್ ನೋಡ್ತೀರಲ್ಲ?"

"ನೀನು ತೋರ್ಸು ಮಾರಾಯ."

ಮೇಸ್ತ್ರಿ ಬಾಗಿಲ ಹತ್ತಿರ ನಿಂತು ರಸ್ತೆ ನೋಡುತ್ತಿದ್ದ. ಕೊನೆಗೆ ಲ್ಯಾಪ್‌ಟಾಪ್ ಆರಿಸಿದೆ. ಗುಡುಗು ಶುರುವಾದೊಡನೆ ಪ್ಲಗ್ಗು ಕಿತ್ತಿಟ್ಟು ಬ್ಯಾಟರಿಯಲ್ಲಿ ಕೆಲಸ ಮಾಡಬಹುದು. ಚಾರ್ಜರಿಗೆ ಮೂರು ಪಿನ್ನಿರುವುದೇ ಬೇಕು ಎಂದೆ. ಸ್ಕ್ರೀನು ಕಣ್ಣಿನ ಮಟ್ಟಕ್ಕೆ ಬರಲೆಂದು ಒಂದು ಸ್ಟ್ಯಾಂಡು, ಬೇರೆ ಕೀಬೋರ್ಡು, ಬೆನ್ನಿಗೆ ಆಧಾರವಿರುವ ಕುರ್ಚಿ. ತಂಗಿ ಗೊಣಗಿದ ಒಂದೊಂದನ್ನೂ ನೆನೆದು ಕೊಂಡೆ. ಬಣಕಲ್ಲಿನಿಂದ ಎಲೆಕ್ಟ್ರಿಷಿಯನ್ನನ್ನು ಕರೆಸಿ ಆಫೀಸಿನ ಪಕ್ಕ ಗುಂಡಿ ತೋಡಿಸಿದೆ. ಅವನು ಪೈಪು ನಿಲ್ಲಿಸಿ, ಇದ್ದಿಲು, ಉಪ್ಪು ತುಂಬಿ ಅರ್ಥಿಂಗ್ ಮಾಡಿದ. ಎರಡು ತೂತಿನ ಬೋರ್ಡು ಕಿತ್ತುಹಾಕಿ, ಶಾಕ್ ಹೊಡೆದ ಕೂಡಲೇ ಲೈನು ಕಡಿಯುವ ಸ್ವಿಚ್ಚು ಕೂರಿಸಿದ. ಸಾಹುಕಾರರು ಯಾವುದಕ್ಕೂ ಇಲ್ಲ ಎನ್ನಲಿಲ್ಲ. ಅವರ ಆ ಉದಾರತೆ ನನಗೆ ಬೈಗುಳದಂತೆ ಕೇಳುತ್ತಿತ್ತು. ಇಷ್ಟು ಸುಲಭವಿತ್ತೇ ಇದು?

ಮೊದಲ ದಿನ ಚಪ್ಪಲಿ ಹಾಕಿಕೊಂಡೇ ಒಳಗೆ ಹೋದೆ. ಸಾಹುಕಾರರ ತಾಯಿ ಜಗಲಿಯಿಂದ ನೋಡಿದರು.

"ಏ ಹುಡುಗಿ, ಕಾಲಲ್ಲಿ ಚಪ್ಪಲಿ ಇದೆ."

"ಹೌದು ದೊಡ್ಡಮ್ಮ, ಇದೆ."

"ಒಳಗೆ ದೇವ್ರಿದೆ ಕಣೆ."

"ಅವತ್ತೂ ಇತ್ತು," ಎಂದೆ.

ಅವರು ಎದ್ದು ಒಳಗೆ ಹೋದರು. ಈಗಲೂ ನಾನು ಬಂದಾಗ ಹಾಗೇ ಮಾಡುತ್ತಾರೆ.

ರಜೆ ಸಿಕ್ಕಾಗ ಕಳಸದ ಬಸ್ಸು ಹತ್ತುತ್ತೇನೆ. ಕಂಪ್ಯೂಟರಿರುವ ಅಂಗಡಿಗಳಿಗೆ ಹೋಗುತ್ತೇನೆ. ಒಂದು ಪುಟ ಜೆರಾಕ್ಸ್ ಮಾಡಿಸಿ, ಮೇಜಿನ ಕೆಳಗೆ ಬಗ್ಗಿ ಪ್ಲಗ್ಗು ನೋಡುತ್ತೇನೆ. ಹೊರನಾಡಿನ ಒಂದು ಲಾಡ್ಜಿನಲ್ಲಿ ಕೌಂಟರಿನವನು, "ಏನು ಹುಡುಕ್ತಿದೀರಿ ಅಕ್ಕ? ಓಲೆ ಬಿತ್ತಾ?" ಎಂದು ತಾನೂ ಬಗ್ಗಿದ. ವಿಷಯ ಹೇಳಿದೆ. ಅವನು ಗಾಬರಿಯಾಗಿ ತನ್ನ ಪ್ಲಗ್ಗು ಕಿತ್ತು ತೋರಿಸಿದ. ಮೂರೂ ಪಿನ್ನಿದ್ದವು. ಇನ್ನೊಂದು ಅಂಗಡಿಯವನು, "ನಮ್ಮ ಅಂಗಡಿಗೆ ಶಾಪ ಹಾಕೋಕ್ ಬಂದ್ಯಾ, ನಡಿ ಆಚೆ," ಎಂದ. ಅವನು ಬೈದು ಮುಗಿಸುವಷ್ಟರಲ್ಲಿ ಅವನ ಪ್ಲಗ್ಗನ್ನೂ ನೋಡಿಯಾಗಿತ್ತು.

ಮೇಸ್ತ್ರಿಯನ್ನು ಬಿಡಲಿಲ್ಲ. ಕಣದಲ್ಲಿ ಕಾಫಿ ಹರಡಿಸುತ್ತಿದ್ದಾಗ ಒಮ್ಮೆ ಎದುರು ನಿಂತು ಕೇಳಿದೆ. ಅವನು ತಲೆ ಎತ್ತದೆ ಹೇಳಿದ:

"ನಾನೇ ಜೀಪಿಗೆ ಹಾಕಿದ್ದು. ಕಳಸದ ಬಸ್‌ಸ್ಟ್ಯಾಂಡ್ ಹತ್ರ ಒಬ್ರು ಬಂದು ಇಳಿಸ್ಕಂಡ್ರು. ಯಾರೂಂತ ನಂಗೊತ್ತಿಲ್ಲ ಅಮ್ಮ, ದೇವ್ರಾಣೆ."

"ಅವ್ರಿಗೆ ಹೇಳಿದ್ಯಾ?"

"ಹೇಳ್ಬೇಡ ಅಂದಿದ್ರು ಸಾವ್ಕಾರ್ರು."

"ಪಿನ್ನು ಕೊಯ್ಯಿ ಅಂದ್ರೆ ಕೊಯ್ದೆ. ಹೇಳ್ಬೇಡ ಅಂದ್ರೆ ಹೇಳ್ಲಿಲ್ಲ. ನಿಂಗೂ ಹೆಣ್ಮಕ್ಳಿದಾರಲ್ಲ?"

ಅವನು ಕೈಯಲ್ಲಿದ್ದ ಕಾಫಿ ಹರಡುವ ಹಲುಬೆಯನ್ನು ಕೆಳಗಿಟ್ಟು ದೂರ ಹೋಗಿ ನಿಂತ. ನನಗೆ ಅವನ ಮೇಲೆ ಕನಿಕರ ಬರಲಿಲ್ಲ. ಈಗಲೂ ಬಂದಿಲ್ಲ.

ಸಾಹುಕಾರರನ್ನು ಈಗಲೂ ಕೇಳುತ್ತೇನೆ. ತಿಂಗಳ ಲೆಕ್ಕ ಒಪ್ಪಿಸಿದ ಮೇಲೆ, ಬೇರೇನಾದರೂ ಇದೆಯಾ ಎಂದು ಅವರು ಕೇಳುವುದು ರೂಢಿ. ಇದೆ ಎನ್ನುತ್ತೇನೆ. ಅದು ಯಾರ ಹತ್ತಿರ ಇದೆ ಎನ್ನುತ್ತೇನೆ. ಅವರು ಫೋನು ತೆಗೆದು ಯಾರಿಗೋ ಕಾಫಿ ರೇಟು ಕೇಳಲು ಶುರು ಮಾಡುತ್ತಾರೆ. ನಾನು ಎದ್ದು ಬರುತ್ತೇನೆ.

ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಬಾರದೆಂದು ನೀರು ಹಾಕುತ್ತೇನೆ. ಮತ್ತೆ ಆಯುಧಪೂಜೆ ಬಂದಾಗ ಲ್ಯಾಪ್‌ಟಾಪ್ ಆಫ್ ಮಾಡಿ, ಪ್ಲಗ್ಗು ಕಿತ್ತು, ಬೀರುವಿನೊಳಗಿಟ್ಟು ಬೀಗ ಹಾಕಿದೆ. ಆರತಿ ತಟ್ಟೆ ಆಫೀಸಿನ ಬಾಗಿಲ ತನಕ ಬಂದು ವಾಪಸ್ಸು ಹೋಯಿತು.

ಆ ಪೆಟ್ಟಿಗೆ ಕಪ್ಪು ಬಣ್ಣದ್ದು. ಪಕ್ಕದಲ್ಲಿ, ಒರೆಸದೆ ಬಿಟ್ಟಿದ್ದರೆ, ಅರ್ಧ ಎಳೆದ ಕುಂಕುಮದ ಗುರುತು ಇರುತ್ತದೆ. ಪ್ಲಗ್ಗಿಗೆ ಎರಡೇ ಪಿನ್ನು. ಅದು ಇನ್ನೂ ಸಿಕ್ಕಿಲ್ಲ.