ಹತ್ತನೆಯವನ ಪಿಸುಮಾತು

ಮೆಟ್ಟೂರಿನಲ್ಲಿ ಅಣೆಕಟ್ಟು ಏಳುತ್ತಿದ್ದಾಗ ನಮ್ಮ ಮನೆಯ ಮುಂದಿನ ಕೋಣೆಯನ್ನು ಕೊಚ್ಚಿ ಕಡೆಯ ಯೆಹೂದಿಗಳಿಗೆ ಬಾಡಿಗೆಗೆ ಕೊಟ್ಟಿದ್ದೆವು. ಬಡಗಿಗಳು, ಕಲ್ಲು ಕೆಲಸದವರು. ಅವರ ದೇವರ ದಿನ ಶನಿವಾರವಾದರೂ ಕೆಲಸಕ್ಕೆ ರಜೆ ಇದ್ದದ್ದು ಭಾನುವಾರ. ಹಾಗಾಗಿ ಊರಲ್ಲಿದ್ದ ಅಷ್ಟೂ ಜನ ಭಾನುವಾರ ಬೆಳಗ್ಗೆ ಆ ಕೋಣೆಯಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದರು. ಹತ್ತು ಗಂಡಸರು ಕೂಡದಿದ್ದರೆ ಅದು ಸಾಮೂಹಿಕ ಪ್ರಾರ್ಥನೆಯೇ ಅಲ್ಲವಂತೆ. ಇದ್ದದ್ದೇ ಹತ್ತು ಜನ. ಒಬ್ಬನಿಗೆ ಭೇದಿಯಾದರೂ ಉಳಿದವರು ಅವನನ್ನು ಹೊತ್ತುಕೊಂಡು ಬರುತ್ತಿದ್ದರು.

ಮೊದಲು ಗಟ್ಟಿಯಾಗಿ, ರಾಗವಾಗಿ ಹಾಡುವರು. ನಮ್ಮತ್ತೆಗೆ ಅದು ಬಹಳ ಇಷ್ಟ. ಆಮೇಲೆ ಇದ್ದಕ್ಕಿದ್ದಂತೆ ಎದ್ದು, ಪಾದ ಜೋಡಿಸಿ, ಪಡುವಣ ಗೋಡೆಗೆ ಮುಖಮಾಡಿ, ತುಟಿ ಮಾತ್ರ ಆಡಿಸುತ್ತ ನಿಲ್ಲುವರು. ಇದು ಅತ್ತೆಗೆ ಸುತರಾಂ ಒಪ್ಪಿಗೆಯಿಲ್ಲ. ಎಪ್ಪತ್ತೇಳು ಮಲೆಗೂ ಕೇಳುವಂತೆ ಮಾದಪ್ಪನಿಗೆ ಉಘೇ ಎಂದು ಕೂಗಿ ಬೆಳೆದವರು ಅವರು.

“ಇದೇನವ್ವ, ದೇವ್ರತ್ರ ಚಾಡಿ ಏಳೋರಂಗೆ ನಿಂತವ್ರೆ?” ಎಂದು ನನ್ನನ್ನು ಕೇಳಿದರು.

ಅವರಲ್ಲೊಬ್ಬ ಬಡಗಿ ನಮಗೆ ಬಿಡಿಸಿ ಹೇಳಿದ. ಆ ನಿಂತ ಪ್ರಾರ್ಥನೆ ಹೇಳುವವನ ಕಿವಿಗೆ ಕೇಳಬೇಕು, ಪಕ್ಕದವನ ಕಿವಿಗೆ ಕೇಳಬಾರದು. ನಡುವೆ ಮಾತಾಡಬಾರದು, ಕಾಲು ಕದಲಿಸಬಾರದು. ಕೊನೆಯಲ್ಲಿ ತಮ್ಮ ಕಷ್ಟಸುಖವನ್ನು ಮನೆಮಾತಿನಲ್ಲೇ ಬೇಡಿಕೊಳ್ಳಬಹುದು.

ಎಲ್ಲಾ ಸರಿ. ಆದರೆ ಆ ಹತ್ತರಲ್ಲಿ ಒಬ್ಬ ಅಜ್ಜನಿದ್ದ. ಕಲ್ಲುಗಣಿಯಲ್ಲಿ ಬಂಡೆಗೆ ಮದ್ದು ತುಂಬಿ ಸಿಡಿಸಿ ಸಿಡಿಸಿ ಕಿವಿ ಕೆಪ್ಪಾಗಿತ್ತು. ತನ್ನ ಕಿವಿಗೆ ಕೇಳಲಿ ಎಂದು ಅವನು ಆಡುವ ಪಿಸುಮಾತು ನಮ್ಮ ಹಿತ್ತಲು ದಾಟಿ ಸಂತೆ ಬೀದಿ ಮುಟ್ಟುತ್ತಿತ್ತು. ಅವನ ಮಲಯಾಳ ನಮ್ಮೂರ ಬೀದಿಯ ತಮಿಳಿಗೆ ದಾಯಾದಿ, ಮುಕ್ಕಾಲುಪಾಲು ತಿಳಿಯುತ್ತಿತ್ತು. ಸೊಸೆಯ ಬಾಯಿ ಕಟ್ಟಪ್ಪಾ ಎಂದು ಅವನು ಬೇಡಿದರೆ, ಒಲೆ ಮುಂದಿದ್ದ ಅತ್ತೆ “ನಂಗೂ ಅದೇಯ” ಎಂದು ನನ್ನ ಕಡೆ ನೋಡುವರು. ನನಗೆ ಮೈಯೆಲ್ಲಾ ಉರಿಯುತ್ತಿತ್ತು. ಮೆಲ್ಲಗೆ ಹೇಳು ಎಂದು ಜೊತೆಯವರು ಸನ್ನೆ ಮಾಡಿದರೆ, ಪಿಸುಗುಟ್ಟಿದ್ದೂ ತಪ್ಪಾ ಎಂದು ಅಜ್ಜ ಮುನಿಸಿಕೊಳ್ಳುವನು. ಓಡಿಸೋಣವೆಂದರೆ ಒಂಬತ್ತೇ ಜನ ಉಳಿಯುತ್ತಾರೆ.

ನಮ್ಮನೆಯವರು ಅದೇ ಗಣಿಯ ಮೇಸ್ತ್ರಿ. ಸೀಟಿ ಊದಿ, ಎಲ್ಲರೂ ದೂರ ಸರಿದ ಮೇಲೆ ಬತ್ತಿಗೆ ಬೆಂಕಿ ಇಡಿಸುವುದು ಅವರ ಕೆಲಸ. ಅಲ್ಲಿ ಅಜ್ಜ ಬಾಯಿ ಬಿಡುತ್ತಿರಲಿಲ್ಲ. ಪಕ್ಕದವರು ಓಡಿದರೆ ತಾನೂ ಓಡುತ್ತಿದ್ದ. ಭಾನುವಾರ ಇವರು ಕಾವೇರಿಗೆ ಮೀನು ಹಿಡಿಯಲು ಹೋಗುತ್ತಿದ್ದರಿಂದ ಅಜ್ಜನ ಗುಟ್ಟು ಇವರಿಗೆ ತಿಳಿದಿರಲಿಲ್ಲ. ಅತ್ತೆಯೂ ನಾನೂ ಹೇಳಿರಲಿಲ್ಲ. ಒಂದು ಭಾನುವಾರ ಮಾತ್ರ ಕಾಲಿಗೆ ಮುಳ್ಳು ಚುಚ್ಚಿ, ಊದಿಕೊಂಡು, ಮನೆಯಲ್ಲೇ ಮಲಗಿದ್ದರು. ಆ ಕೋಣೆಗೂ ಇವರಿಗೂ ನಡುವೆ ಒಂದು ತಟ್ಟಿ.

“ದೇವರೇ, ನನಗೆ ಕಿವಿ ಕೇಳಲ್ಲ ಅನ್ನೋದು ಆ ಮೇಸ್ತ್ರಿಗೆ ಗೊತ್ತಾಗದಂತೆ ಕಾಪಾಡು. ಕೆಲಸ ಹೋದರೆ ಸೊಸೆ ಕೈಯ ಗಂಜಿಗೆ ಕಾಯಬೇಕು,” ಎಂದು ಅಜ್ಜ ಗುಡುಗಿದ.

ನಾನು ಬಾಗಿಲ ಸಂದಿಯಿಂದ ನೋಡಿದೆ. ಒಂಬತ್ತು ಜನರ ಮುಖವೂ ಬಿಳುಚಿಕೊಂಡಿತ್ತು. ಮಾತಾಡುವಂತಿಲ್ಲ, ಕದಲುವಂತಿಲ್ಲ. ಒಬ್ಬ ಕೆಮ್ಮಿದ, ಇನ್ನೊಬ್ಬ ಸೀನಿದ. ಕೆಪ್ಪನಿಗೆ ಸೀನಿದರೇನು ಬಂತು?

ನಮ್ಮನೆಯವರು ಎದ್ದು ಕೂತರು. ಅತ್ತೆ ಸೌಟು ಹಿಡಿದೇ ಬಂದರು.

“ಲೇ ಮಗ, ನಿಂಗೇನೂ ಕೇಳಿಸ್ಲಿಲ್ಲ.”

“ಸುಮ್ಕಿರವ್ವ. ನಾಳೆ ಸೀಟಿ ಕೇಳ್ದೆ ಅಲ್ಲೇ ನಿಂತ್ರೆ ಅವ್ನ ಟೋಪಿ ಒಂದೇ ಸಿಗೋದು.”

“ಅಂಗಂತ ಒಟ್ಟೆ ಮೇಲೆ ಒಡೀತೀಯಾ? ಅಷ್ಟ್ ದೊಡ್ಡ ಡ್ಯಾಮ್‌ನಾಗೆ ಕಿವಿ ಬ್ಯಾಡ್ದಿರೋ ಕೆಲ್ಸ ಒಂದೂ ಇಲ್ವಾ?”

ನಮ್ಮನೆಯವರು ಗೋಡೆ ಕಡೆ ಹೊರಳಿ ಮಲಗಿದರು.

ಸೋಮವಾರ ಕುಂಟುತ್ತಲೇ ಹೋಗಿ, ಅಜ್ಜನನ್ನು ಮದ್ದಿನ ಕೆಲಸದಿಂದ ಬಿಡಿಸಿ, ಉಳಿ ಹದ ಮಾಡುವ ಕುಲುಮೆಗೆ ಹಾಕಿಸಿದರು. ಅಲ್ಲಿನ ಬಡಿತಕ್ಕೆ ಕಿವಿ ಇದ್ದವರೂ ಕೆಪ್ಪರೇ. ಯಾಕೆಂದು ಅಜ್ಜನಿಗೆ ಯಾರೂ ಹೇಳಲಿಲ್ಲ.

ಮುಂದಿನ ಭಾನುವಾರ ನಮ್ಮನೆಯವರು ಮೀನಿಗೆ ಹೋಗದೆ ಜಗಲಿಯ ಮೇಲೆ ಕೂತರು. ಹಾಡು ಮುಗಿದು ಒಳಗೆ ಸದ್ದಡಗಿತು. ಸ್ವಲ್ಪ ಹೊತ್ತಿಗೆ ಅಜ್ಜನ ಪಿಸುಮಾತಿಗೆ ಬೀದಿಯ ನಾಯಿಗಳೆಲ್ಲ ಎದ್ದವು.

“ದೇವರೇ, ನಿನ್ನ ಕಿವಿಯೇ ಕಿವಿ. ಎಷ್ಟು ಮೆಲ್ಲಗೆ ಹೇಳಿದ್ದೆ, ಪಕ್ಕದಲ್ಲಿ ನಿಂತವನಿಗೂ ಕೇಳಿರಲಿಲ್ಲ. ಆ ಮೇಸ್ತ್ರಿಗೆ ಈಗಲೂ ಏನೂ ಗೊತ್ತಿಲ್ಲ, ಪಾಪ.”