ಪೃಥ್ವೀರಾಜ್ ಬಗ್ಗಿಸಿದ ಗೆರೆ

ವಿಶಾಖಪಟ್ಟಣದ ನಮ್ಮ ಕನ್ನಡ ಸಂಘಕ್ಕೆ ಡಾಕ್ಟರ್ ಪೃಥ್ವೀರಾಜ್ ಬಂದನೆಂದರೆ ಜನ ಎದ್ದು ಕುರ್ಚಿ ಬಿಡುತ್ತಿದ್ದರು. ನಾನು ಏಳುತ್ತಿರಲಿಲ್ಲ. ಬ್ಯಾಂಕಿನಲ್ಲಿ ಸಾಲ ಕೇಳಲು ಬಂದವರ ಮುಖ ನೋಡುತ್ತಲೇ ನಿವೃತ್ತನಾದವನು ನಾನು. ಸುಳ್ಳನ ನಗು ದೂರದಿಂದಲೇ ಗುರುತು ಸಿಗುತ್ತದೆ.

ಪೃಥ್ವೀರಾಜನ ಅಪ್ಪ ನೌಕಾದಳದವರು, ತುಮಕೂರಿನ ಕಡೆಯವರು. ಇವನು ಇಲ್ಲೇ ಬೆಳೆದ. ಕನ್ನಡ ಅಮ್ಮನ ಜೊತೆ ಮಾತ್ರ, ಮಿಕ್ಕಿದ್ದೆಲ್ಲ ತೆಲುಗು. ಅನಕಾಪಲ್ಲಿ ದಾರಿಯಲ್ಲಿ ಮೀನಿನ ಮೇವು ತಯಾರಿಸುವ ಕಂಪನಿಯೊಂದರ ಪ್ರಯೋಗಾಲಯಕ್ಕೆ ಮುಖ್ಯಸ್ಥ. ರೋಹು ಮೀನು ಮೈತುಂಬಿ ಬೆಳೆಯಲು ಲೈಸಿನ್ ಎಂಬ ಅಮೈನೋ ಆಮ್ಲ ಬೇಕು. ಮೀನು ಅದನ್ನು ತಾನೇ ಮಾಡಿಕೊಳ್ಳಲಾರದು, ಮೇವಿನಲ್ಲೇ ಸಿಗಬೇಕು. ಎಷ್ಟು ಸಿಗಬೇಕು ಎಂದು ಕಂಡುಹಿಡಿಯುವುದು ಇವನ ಹೊಣೆ. ಮೀನಿನ ಮರಿಗಳನ್ನು ತೊಟ್ಟಿಗಳಲ್ಲಿ ಬಿಟ್ಟು, ಒಂದು ತೊಟ್ಟಿಗಿಂತ ಇನ್ನೊಂದಕ್ಕೆ ಲೈಸಿನ್ ಹೆಚ್ಚಿಸುತ್ತ ಹೋಗುತ್ತಾರೆ. ಬೆಳವಣಿಗೆಯ ಗೆರೆ ಏರುತ್ತ ಹೋಗಿ ಒಂದು ಕಡೆ ಬಾಗಿ ಮಟ್ಟಸವಾಗುತ್ತದೆ. ಅದು ಬಾಗಿದ ಜಾಗವೇ ಮೀನಿನ ಅಗತ್ಯ.

ಮುಖ್ಯಸ್ಥರು ತೊಟ್ಟಿಯ ನೀರಿಗೆ ಕೈ ಹಾಕಿದವರಲ್ಲ. ಅಂಗಿಯ ತೋಳು ಒದ್ದೆಯಾಗುತ್ತದೆ. ಮರಿ ಹಿಡಿದು ತೂಗುತ್ತಿದ್ದವಳು ಸಿಂಧೂರ, ಮೀನುಗಾರಿಕೆ ಓದಿದ ಹುಬ್ಬಳ್ಳಿ ಹೆಣ್ಣುಮಗಳು. ಅವಳ ಗಂಡನೂ ನೌಕಾದಳದವನು. ನನ್ನ ಹೆಂಡತಿ ಸುಶೀಲಮ್ಮನ ಹತ್ತಿರ ಅವಳು ಎಲ್ಲ ಹೇಳಿಕೊಳ್ಳುತ್ತಿದ್ದಳು. ನಡೆದದ್ದು ನನಗೆ ಗೊತ್ತಾದದ್ದು ಹಾಗೆ.

ಆ ಸಲದ ಪ್ರಯೋಗದಲ್ಲಿ ಗೆರೆ ಬಾಗಲೇ ಇಲ್ಲ. ಅತಿ ಹೆಚ್ಚು ಲೈಸಿನ್ ತಿಂದ ಮರಿಗಳೇ ಎಲ್ಲಕ್ಕಿಂತ ದಪ್ಪ.

"ಗೆರಿ ಇನ್ನೂ ಏರಾಕತ್ತೈತ್ರಿ ಸರ್. ಮೀನಿಗೆ ಎಷ್ಟು ಬೇಕಂತ ನಮಗಿನ್ನೂ ಗೊತ್ತಾಗಿಲ್ಲ," ಎಂದಳಂತೆ ಸಿಂಧೂರ. ಇನ್ನೂ ಹೆಚ್ಚಿಸಿ ಮತ್ತೊಮ್ಮೆ ನೋಡೋಣ ಎಂದು ಕೇಳಿಕೊಂಡಳು.

ಪೃಥ್ವೀರಾಜನ ಹೊಸ ಮೇವಿಗೆ ವಿಜಯವಾಡದಲ್ಲಿ ಬಿಡುಗಡೆ ಸಮಾರಂಭದ ದಿನ ಆಗಲೇ ನಿಗದಿಯಾಗಿಹೋಗಿತ್ತು. "ಗೆರೆ ಬಾಗದಿದ್ರೆ ನಾವೇ ಬಗ್ಗಿಸಬೇಕಮ್ಮಾ," ಎಂದ. ಲೈಸಿನ್ ಅತಿ ಹೆಚ್ಚಿದ್ದ ಎರಡು ತೊಟ್ಟಿಗಳಲ್ಲಿ ನೀರು ಕೆಟ್ಟಿತ್ತೆಂದು ನೆಪ ಹೇಳಿ ಅವುಗಳ ತೂಕವನ್ನೇ ಕೈಬಿಟ್ಟು, ಅಲ್ಲಿಗೇ ಗೆರೆ ಬಾಗಿತೆಂದು ಒಂದು ಅಂಕಿ ಸಾರಿದ. ಲೈಸಿನ್ ದುಬಾರಿ, ಕಡಿಮೆ ಸಾಕು ಎಂದವನಿಗೆ ಕಂಪನಿ ಬೆನ್ನು ತಟ್ಟಿತು. ಸಮಾರಂಭಕ್ಕೆ ಮುಂಚೆ ಅಲ್ಲಿನ ಇಂದ್ರಕೀಲಾದ್ರಿ ಬೆಟ್ಟ ಹತ್ತಿ ದುರ್ಗಮ್ಮನಿಗೂ ಕೈಮುಗಿದು ಬಂದನಂತೆ. ಇಂಥವರ ಭಕ್ತಿಗೇನೂ ಕೊರತೆಯಿರುವುದಿಲ್ಲ.

ವಿಜಯವಾಡದ ಸುತ್ತಿನ ಹೊಂಡಗಳಲ್ಲಿ ಆ ಮೇವು ತಿಂದ ಮೀನುಗಳು ತಿಂಗಳುಗಟ್ಟಲೆ ಬೆಳೆಯದೆ ಇದ್ದಷ್ಟೇ ಉಳಿದವು. ರೈತರು ದೂರು ತಂದರೆ, ನಿಮಗೆ ಮೇವು ಹಾಕಲು ಬರುವುದಿಲ್ಲ ಎಂದು ಅವರಿಗೇ ಪಾಠ ಹೇಳಿ ಕಳಿಸಿದ. ಅಷ್ಟರಲ್ಲಿ ಸಿಂಧೂರ ಸುಮ್ಮನೆ ಕೂರದೆ, ತೊಟ್ಟಿಗಳನ್ನು ತೊಳೆದು, ಲೈಸಿನ್ ಇನ್ನೂ ಹೆಚ್ಚಿಸಿ ಮತ್ತೆ ಮರಿ ಸಾಕಿದಳು. ಈ ಸಲ ಗೆರೆ ತಾನಾಗಿಯೇ ಬಾಗಿತು, ಅವನು ಸಾರಿದ್ದಕ್ಕಿಂತ ಬಹಳ ಮೇಲೆ. ಅವನು ಅದನ್ನು ಇಸಿದುಕೊಂಡು ತನ್ನ ಎರಡನೆಯ ಹಂತದ ಸಂಶೋಧನೆ ಎಂದು ಪ್ರಕಟಿಸಿದ. ಅವಳ ಹೆಸರು ಎಲ್ಲೂ ಇರಲಿಲ್ಲ.

ಇಂಥವನಿಗೆ ನಮ್ಮ ಸಂಘ ರಾಜ್ಯೋತ್ಸವದಂದು ಶಾಲು ಹೊದಿಸಿತು. ಸಹೋದ್ಯೋಗಿ ಎಂದು ಸಿಂಧೂರಳನ್ನು ಎರಡು ಮಾತಾಡಲು ಕರೆದರು. ಅವಳು ಮೈಕಿನ ಮುಂದೆ ಸಮಾಧಾನವಾಗಿಯೇ ಹೇಳಿದಳು: "ಈಗಿನ ಅಂಕಿ ನಾನು ಅಳೆದದ್ದು. ಮೊದಲಿಂದು ಯಾರೂ ಅಳೆದದ್ದಲ್ಲ."

ಪೃಥ್ವೀರಾಜ್ ತಮಾಷೆ ಕೇಳಿದವನಂತೆ ನಕ್ಕು ಚಪ್ಪಾಳೆ ತಟ್ಟಿದ. ಅವನು ತಟ್ಟಿದನೆಂದು ಉಳಿದವರೂ ತಟ್ಟಿದರು. ಸುಶೀಲಮ್ಮ ಮಾತ್ರ ಎದ್ದು ಹೋಗಿ ಸಿಂಧೂರಳ ಕೈ ಹಿಡಿದುಕೊಂಡು ಹೊರಗೆ ಕರೆದೊಯ್ದಳು.

ಸಿಂಧೂರಳ ಗಂಡನಿಗೆ ಕಾರವಾರಕ್ಕೆ ವರ್ಗವಾಯಿತು. ಅಲ್ಲಿ ಸಮುದ್ರದ ಪಂಜರಗಳಲ್ಲಿ ಕುರಡಿ ಮೀನು ಸಾಕುವವರಿಗೆ ಮೇವು ಹದಮಾಡಿಕೊಡುತ್ತಾಳಂತೆ. ಅಲ್ಲಿ ಬರೆದ ಮೊದಲ ವರದಿಯ ಮೇಲೆ ಅವಳದೇ ಹೆಸರಿದೆ. ರೈತರ ದೂರು ಹೆಚ್ಚಾದ ಮೇಲೆ ಪೃಥ್ವೀರಾಜನನ್ನು ಕಂಪನಿ ಪ್ರಯೋಗಾಲಯದಿಂದ ಬಿಡಿಸಿ ವಿಜಯವಾಡದ ಮಾರಾಟ ವಿಭಾಗಕ್ಕೆ ಹಾಕಿತು. ಅದನ್ನೂ ಬಡ್ತಿ ಎಂದು ಸಂಘಕ್ಕೆ ಸಿಹಿ ಹಂಚಿಹೋದ. ನಮ್ಮ ಪಾಲಿನ ಸಿಹಿಯನ್ನು ನಾವು ಮನೆಗೆ ತರಲಿಲ್ಲ.